ಪೋ ಕಥೆಗಳಲ್ಲಿ ದೆವ್ವ ಎಲ್ಲಿದೆ?

ಹತ್ತೊಂಬತ್ತನೇ ಶತಮಾನದ ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ ಅಂದ ಕೂಡಲೇ ದೆವ್ವದ ಕಥೆ ಅಂದುಕೊಳ್ಳುವವರೇ ಜಾಸ್ತಿ. ಆದರೆ ಅವನ ಒಳ್ಳೊಳ್ಳೆಯ ಕಥೆಗಳನ್ನು ಒಂದೊಂದಾಗಿ ತೆಗೆದು ನೋಡಿ, ಬಹುತೇಕ ಕಡೆ ದೆವ್ವ ಸಿಗುವುದೇ ಇಲ್ಲ. ನಮ್ಮ ಕಡೆ ದೆವ್ವದ ಕಥೆಗೆ ಒಂದು ಜಾಗ ಅಂತ ಇರುತ್ತೆ. ಊರ ಹೊರಗಿನ ಹುಣಸೆ ಮರ, ಹಾಳು ಬಾವಿ, ಅಮಾವಾಸ್ಯೆ ರಾತ್ರಿ ದಾಟಬಾರದ ಹಳ್ಳ. ಆ ಜಾಗ ಬಿಟ್ಟು ಮನೆಗೆ ಓಡಿ ಬಂದು, ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಮುಗೀತು. ಪೋ ಕಥೆಯಲ್ಲಿ ಹಾಗೆ ಓಡಿ ಬರುವುದಕ್ಕೆ ಮನೆಯೇ ಇಲ್ಲ. ಭಯ ಇರುವುದೇ ಮನೆಯೊಳಗೆ, ಅದರಲ್ಲೂ ಕಥೆ ಹೇಳುತ್ತಿರುವವನ ತಲೆಯೊಳಗೆ.

'ದಿ ಟೆಲ್-ಟೇಲ್ ಹಾರ್ಟ್' ತಗೊಳ್ಳಿ. 1843ರಲ್ಲಿ ಅಚ್ಚಾದ, ನಾಲ್ಕೈದು ಪುಟದ ಕಥೆ. ಒಬ್ಬ ಮುದುಕ, ಅದೇ ಮನೆಯಲ್ಲಿರುವ ಇನ್ನೊಬ್ಬ. ಇಬ್ಬರಿಗೂ ಏನು ಸಂಬಂಧ ಅಂತ ಪೋ ಹೇಳುವುದಿಲ್ಲ, ಹೆಸರೂ ಹೇಳುವುದಿಲ್ಲ. ಮುದುಕನ ಮೇಲೆ ಇವನಿಗೆ ಸಿಟ್ಟಿಲ್ಲ, ಅವನ ದುಡ್ಡಿನ ಮೇಲೆ ಆಸೆ ಇಲ್ಲ, ಅವನೆಂದರೆ ಪ್ರೀತಿ ಇತ್ತು ಅಂತ ಬಾಯಿಬಿಟ್ಟೇ ಹೇಳುತ್ತಾನೆ. ಆಗದೇ ಇದ್ದದ್ದು ಒಂದೇ, ಮುದುಕನ ಕಣ್ಣು. ಪೊರೆ ಬಂದ, ತಿಳಿನೀಲಿ ಬಣ್ಣದ, ರಣಹದ್ದಿನಂಥ ಒಂದು ಕಣ್ಣು. ಅಷ್ಟಕ್ಕೇ ಕೊಲ್ಲಬೇಕು ಅಂತ ತೀರ್ಮಾನ ಮಾಡುತ್ತಾನೆ.

ಏಳು ರಾತ್ರಿ, ಸರಿಯಾಗಿ ನಡುರಾತ್ರಿಗೆ, ಮುದುಕನ ಕೋಣೆಯ ಬಾಗಿಲು ಸರಿಸಿ ತಲೆ ಒಳಗೆ ಹಾಕುತ್ತಾನೆ. ತಲೆ ಪೂರ್ತಿ ಒಳಗೆ ಹೋಗುವುದಕ್ಕೇ ಒಂದು ತಾಸು. ಕೈಯಲ್ಲಿ ನಾಲ್ಕೂ ಕಡೆ ಮುಚ್ಚಿದ ಲಾಟೀನು. ಪ್ರತಿ ಸಲವೂ ಆ ಕಣ್ಣು ಮುಚ್ಚಿರುತ್ತೆ, ಹಾಗಾಗಿ ವಾಪಸ್ ಬರುತ್ತಾನೆ. ಎಂಟನೇ ರಾತ್ರಿ ಲಾಟೀನಿನ ತಗಡಿನ ಮುಚ್ಚಳದ ಮೇಲೆ ಹೆಬ್ಬೆರಳು ಜಾರುತ್ತೆ. ಮುದುಕ ಎದ್ದು ಕೂತು "ಯಾರು?" ಅಂತ ಕೂಗುತ್ತಾನೆ. ಮುಂದಿನ ಒಂದು ತಾಸು ಇಬ್ಬರೂ ಅಲುಗಾಡುವುದಿಲ್ಲ. ಒಬ್ಬ ಕತ್ತಲಲ್ಲಿ ನಿಂತಿದ್ದಾನೆ, ಇನ್ನೊಬ್ಬ ಹಾಸಿಗೆ ಮೇಲೆ ಕೂತು ಆಲಿಸುತ್ತಿದ್ದಾನೆ. ಆಮೇಲೆ ಲಾಟೀನಿನ ಸಂದಿಯಿಂದ ಜೇಡರ ಎಳೆಯಷ್ಟು ತೆಳ್ಳಗಿನ ಬೆಳಕು ಹೊರಟು ನೇರವಾಗಿ ಆ ಕಣ್ಣಿನ ಮೇಲೆ ಬೀಳುತ್ತೆ, ಕಣ್ಣು ಈ ಸಲ ಪೂರ್ತಿ ತೆರೆದಿದೆ, ಮತ್ತು ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದಂಥ ಸದ್ದೊಂದು ಅವನ ಕಿವಿಗೆ ಬೀಳಲು ಶುರುವಾಗುತ್ತೆ.

ಈ ಕಥೆ ಓದಲು ಮಳೆ, ಮಂಜು, ಹಳೇ ಬಂಗಲೆ ಏನೂ ಬೇಕಿಲ್ಲ. ಕಲಬುರಗಿಯ ಮೇ ತಿಂಗಳಲ್ಲಿ, 40 ಡಿಗ್ರಿ ದಾಟಿದ ಬಿಸಿಲಿನಲ್ಲಿ, ಕರೆಂಟ್ ಹೋಗಿ ಕೂಲರ್ ನಿಂತ ಮಧ್ಯಾಹ್ನ ಓದಿ ನೋಡಿ. ಕೂಲರ್ ನಿಂತ ಮೇಲೆ ಮನೆಯೊಳಗೆ ಹುಟ್ಟುವ ಆ ಮೌನದಲ್ಲಿ ನಿಮ್ಮದೇ ಎದೆಬಡಿತ ಕೇಳಿಸುತ್ತೆ. ಮುದುಕನನ್ನು ಕೊಂದು ನೆಲದ ಹಲಗೆಗಳ ಕೆಳಗೆ ಬಚ್ಚಿಟ್ಟ ಮೇಲೆ, ಕಥೆಯ ಕೊನೆಗೆ ಪೊಲೀಸರು ಬಂದು ಹರಟುತ್ತಾ ಕೂತಿರುವಾಗ, ಅವರಿಗೆ ಯಾವ ಅನುಮಾನವೂ ಇಲ್ಲದಿರುವಾಗ, ಇವನೇ ಕಿರುಚಿ "ಹಲಗೆ ಕೀಳಿ" ಅನ್ನುತ್ತಾನಲ್ಲ, ಬಡಿದುಕೊಳ್ಳುತ್ತಿದ್ದದ್ದು ಯಾರ ಎದೆ ಅಂತ ನಿಮಗೆ ಆಗಲೇ ಗೊತ್ತಾಗಿರುತ್ತೆ.

ಅಕ್ಕನ ಮಗ ಇಲ್ಲೇ ಡಿಗ್ರಿ ಓದುತ್ತಾನೆ. ಅವನ ಜೆರಾಕ್ಸ್ ನೋಟ್ಸಿನಲ್ಲಿ ಪೋ ಬಗ್ಗೆ ಇದ್ದದ್ದು ಇಷ್ಟೇ: ಕುಡುಕ, ಮಾನಸಿಕ ಅಸ್ವಸ್ಥ, ಅವನ ಕಥೆಗಳು ಅವನ ಜೀವನದ ಕನ್ನಡಿ. "ಮಾಮಾ, ಹುಚ್ಚ ಇದ್ದನಂತಲ್ಲ, ಅದಕ್ಕೇ ಹಿಂಗ ಬರದಾನಂತ" ಅಂದ. ನನಗೆ ಹೊಟ್ಟೆಯೊಳಗೆ ಉರಿಯಿತು. ಹುಡುಗನ ಮೇಲೆ ಅಲ್ಲ, ಆ ಸಾಲಿನ ಮೇಲೆ. ಸುಮ್ನೆ ಯಾರೋ ತಿಳಿಯದೆ ಬರೆದ ಸಾಲಲ್ಲ ಅದು. ಅದಕ್ಕೊಂದು ಹುಟ್ಟು ಇದೆ, ಹುಟ್ಟಿಸಿದವನೂ ಇದ್ದಾನೆ. "ಕುಂದ್ರಪ್ಪ, ಹೇಳ್ತೀನಿ" ಅಂದೆ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ, ಸ್ವಲ್ಪ ಜಾಸ್ತಿ ಸೇರಿಸಿ.

ಪೋ ಹುಟ್ಟಿದ್ದು 1809ರ ಜನವರಿಯಲ್ಲಿ, ಬೋಸ್ಟನ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ನಾಟಕದವರು. ಅಪ್ಪ ಬಿಟ್ಟು ಹೋದ. ಅಮ್ಮ ಎಲಿಜಬೆತ್ 1811ರ ಡಿಸೆಂಬರ್‌ನಲ್ಲಿ ರಿಚ್ಮಂಡ್ ಊರಲ್ಲಿ ತೀರಿಕೊಂಡಳು. ಮೂರು ಮಕ್ಕಳು ಮೂರು ದಿಕ್ಕಾದರು. ಎರಡು ವರ್ಷದ ಎಡ್ಗರ್‌ನನ್ನು ಜಾನ್ ಅಲನ್ ಅನ್ನುವ ವ್ಯಾಪಾರಿಯ ಮನೆಯವರು ಕರೆದುಕೊಂಡು ಹೋಗಿ ಸಾಕಿದರು. ಸಾಕಿದರು ಅಷ್ಟೇ, ಕಾನೂನು ಪ್ರಕಾರ ದತ್ತು ತೆಗೆದುಕೊಳ್ಳಲಿಲ್ಲ. ಹೆಸರಿನ ನಡುವೆ 'ಅಲನ್' ಸೇರಿತು, ಆಸ್ತಿಯಲ್ಲಿ ಮಾತ್ರ ಪಾಲು ಸೇರಲಿಲ್ಲ. ನಮ್ಮ ಕಡೆಯೂ ಇಂಥ ಮನೆಗಳಿವೆ, ಮಗನ ಹಾಗೆ ಬೆಳೆಸಿ, ಪಾಲಿನ ಮಾತು ಬಂದಾಗ "ನೀನು ಯಾರು?" ಅಂತ ಕೇಳುವ ಮನೆಗಳು. 1826ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಹೋದ, ಕೈಯಲ್ಲಿ ದುಡ್ಡು ಸಾಲದೆ ಜೂಜಾಡಿ ಇನ್ನಷ್ಟು ಸಾಲ ಮಾಡಿಕೊಂಡ, ಸಾಕಿದಪ್ಪ ಕೊಡಲ್ಲ ಅಂದ, ಓದು ಅರ್ಧಕ್ಕೇ ನಿಂತಿತು. 1827ರಲ್ಲಿ ಬೇರೆ ಹೆಸರಲ್ಲಿ ಸೈನ್ಯ ಸೇರಿದ. ಅದೇ ವರ್ಷ ಮೊದಲ ಕವನ ಸಂಕಲನ ಬಂತು, ಅದರ ಮೇಲೂ ಅವನ ಹೆಸರಿರಲಿಲ್ಲ. ವೆಸ್ಟ್ ಪಾಯಿಂಟ್ ಸೈನಿಕ ಶಾಲೆಗೆ ಹೋಗಿ 1831ರಲ್ಲಿ ಅಲ್ಲಿಂದಲೂ ಹೊರಬಿದ್ದ. 1834ರಲ್ಲಿ ಜಾನ್ ಅಲನ್ ಸತ್ತಾಗ ಉಯಿಲಿನಲ್ಲಿ ಪೋಗೆ ಒಂದು ಕಾಸೂ ಇರಲಿಲ್ಲ.

ಇಲ್ಲಿಂದ ಮುಂದೆ ಬರವಣಿಗೆಯಿಂದಲೇ ಹೊಟ್ಟೆ ಹೊರೆಯಬೇಕು ಅಂತ ನಿಂತ. ಆ ಕಾಲದ ಅಮೆರಿಕದಲ್ಲಿ ಅದು ಎಷ್ಟು ಕಷ್ಟದ ಮಾತು ಅಂತ ಮೊದಲು ತಿಳಿದುಕೊಳ್ಳಬೇಕು. ಬೇರೆ ದೇಶದ ಲೇಖಕರಿಗೆ ಅಲ್ಲಿ ಕಾಪಿರೈಟ್ ರಕ್ಷಣೆ ಇರಲಿಲ್ಲ. ಇಂಗ್ಲೆಂಡಿನ ದೊಡ್ಡ ದೊಡ್ಡ ಲೇಖಕರ ಪುಸ್ತಕವನ್ನು ಒಂದು ಪೈಸೆ ಕೊಡದೆ ಅಚ್ಚು ಹಾಕಬಹುದಿತ್ತು. ಹಾಗಿರುವಾಗ ತಮ್ಮದೇ ಊರಿನವನಿಗೆ ದುಡ್ಡು ಕೊಟ್ಟು ಬರೆಸುವ ಪ್ರಕಾಶಕ ಯಾರು? ಪೋ ಪತ್ರಿಕೆಗಳಲ್ಲಿ ಸಂಪಾದಕನ ಕೆಲಸ ಮಾಡಿದ, ವಿಮರ್ಶೆ ಬರೆದ, ಕಥೆ ಬರೆದ. 1841ರಲ್ಲಿ ದ್ಯೂಪ್ಯಾನ್ ಅನ್ನುವ ಪಾತ್ರ ಮಾಡಿ ಪತ್ತೇದಾರಿ ಕಥೆಗೆ ಇವತ್ತಿಗೂ ನಡೆಯುತ್ತಿರುವ ಅಚ್ಚು ಹಾಕಿಕೊಟ್ಟ. ಷರ್ಲಾಕ್ ಹೋಮ್ಸ್ ಬಂದಿದ್ದು 1887ರಲ್ಲಿ. 1845ರ ಜನವರಿಯಲ್ಲಿ 'ದಿ ರೇವನ್' ಪದ್ಯ ಬಂದು ಊರೆಲ್ಲ ಹೆಸರಾಯಿತು. ಹೆಸರು ಬಂತು, ದುಡ್ಡು ಬರಲಿಲ್ಲ. ಆ ಪದ್ಯವನ್ನು ಎಲ್ಲ ಪತ್ರಿಕೆಗಳೂ ಎತ್ತಿ ಎತ್ತಿ ಹಾಕಿಕೊಂಡವು.

ಈಗ ವರ್ಜೀನಿಯಾ ವಿಷಯ. 1836ರಲ್ಲಿ ಪೋ ಸೋದರತ್ತೆಯ ಮಗಳು ವರ್ಜೀನಿಯಾಳನ್ನು ಮದುವೆಯಾದ. ಅವನಿಗೆ 27, ಅವಳಿಗೆ 13. ಈ ವಿಷಯವನ್ನು ಮುಚ್ಚಿಡಬಾರದು, ಚೆಂದ ಮಾಡಿಯೂ ಹೇಳಬಾರದು. ಅವಳು ಇನ್ನೂ ಮಗು. ಅತ್ತೆ ಮರಿಯಾ ಕ್ಲೆಮ್, ವರ್ಜೀನಿಯಾ, ಪೋ, ಮೂರು ಜನ ಒಂದೇ ಬಡತನದಲ್ಲಿ ಊರೂರು ಬಾಡಿಗೆ ಮನೆ ಬದಲಿಸುತ್ತಾ ಬದುಕಿದರು. 1842ರ ಜನವರಿಯಲ್ಲಿ ವರ್ಜೀನಿಯಾ ಹಾಡುತ್ತಿದ್ದಳು. ಹಾಡುತ್ತಿದ್ದ ಹಾಗೇ ಬಾಯಿಂದ ರಕ್ತ ಬಂತು. ಕ್ಷಯ. ಆಮೇಲೆ ಐದು ವರ್ಷ, ಸತ್ತೇ ಹೋಗುತ್ತಾಳೆ ಅನ್ನುವಷ್ಟು ಬಿಗಡಾಯಿಸುವುದು, ಮತ್ತೆ ಸುಧಾರಿಸುವುದು, ಮತ್ತೆ ರಕ್ತ. ಇದನ್ನು ಪೋ 1848ರ ಒಂದು ಪತ್ರದಲ್ಲಿ ಬರೆದಿದ್ದಾನೆ. ಆಸೆ ಮತ್ತು ನಿರಾಸೆಯ ನಡುವೆ ತೂಗಾಡಿ ನನಗೆ ಹುಚ್ಚು ಹಿಡಿಯಿತು, ನಡುನಡುವೆ ದೀರ್ಘ ಕಾಲ ಭಯಂಕರವಾದ ನೆಟ್ಟಗಿನ ಬುದ್ಧಿಯೂ ಇರುತ್ತಿತ್ತು ಅನ್ನುತ್ತಾನೆ. ಕುಡಿತದಿಂದ ಹುಚ್ಚು ಬಂತು ಅಂತ ನನ್ನ ವೈರಿಗಳು ಹೇಳಿದರು, ಹುಚ್ಚಿನಿಂದ ಕುಡಿತ ಬಂತು ಅಂತ ಹೇಳಲಿಲ್ಲ, ಅಂತಲೂ ಅದೇ ಪತ್ರದಲ್ಲಿದೆ. ಕುಡಿಯುತ್ತಿದ್ದ, ಅದು ನಿಜ. ಆದರೆ ಕುಡುಕ ಅಂತ ಒಂದು ಪದ ಬರೆದು ಮುಂದಿನ ಪ್ರಶ್ನೆಗೆ ಹೋಗುವ ನೋಟ್ಸಿಗೆ ಆ ಹಾಡು, ಆ ರಕ್ತ ಗೊತ್ತಿಲ್ಲ.

ಕೊನೆಯ ಮನೆ ನ್ಯೂಯಾರ್ಕಿನ ಹೊರಗೆ ಫೋರ್ಡಮ್ ಅನ್ನುವ ಹಳ್ಳಿಯಲ್ಲಿ, ಒಂದು ಪುಟ್ಟ ಬಾಡಿಗೆ ಮನೆ. ಅಲ್ಲಿಗೆ ಹೋಗಿ ಬಂದ ಮೇರಿ ಗೋವ್ ಅನ್ನುವ ಲೇಖಕಿ ಕಂಡದ್ದನ್ನು ಬರೆದಿಟ್ಟಿದ್ದಾಳೆ. ಚಳಿಗಾಲ. ಹುಲ್ಲಿನ ಹಾಸಿಗೆ, ಮೇಲೆ ಬೆಳ್ಳಗಿನ ಹೊದಿಕೆ, ಕಂಬಳಿ ಇಲ್ಲ. ವರ್ಜೀನಿಯಾ ಮೇಲೆ ಗಂಡನ ದೊಡ್ಡ ಕೋಟು ಹೊದಿಸಿದೆ, ಎದೆಯ ಮೇಲೆ ಮನೆಯ ಬೆಕ್ಕು ಮಲಗಿದೆ. ಆ ಕೋಟು, ಆ ಬೆಕ್ಕು ಬಿಟ್ಟರೆ ಬೆಚ್ಚಗಾಗಲು ಬೇರೆ ಏನೂ ಇಲ್ಲ. ಗಂಡ ಅವಳ ಕೈ ಹಿಡಿದು ಕೂತಿದ್ದಾನೆ, ತಾಯಿ ಕಾಲು ಹಿಡಿದು ಕೂತಿದ್ದಾಳೆ. 1847ರ ಜನವರಿ 30ಕ್ಕೆ ಅವಳು ತೀರಿಕೊಂಡಳು. 24 ವರ್ಷ.

'ದಿ ಬ್ಲ್ಯಾಕ್ ಕ್ಯಾಟ್' ಕಥೆಯಲ್ಲಿ ಹೆಂಡತಿಯನ್ನು ಕೊಡಲಿಯಿಂದ ಕೊಂದು ನೆಲಮಾಳಿಗೆಯ ಗೋಡೆಯೊಳಗೆ ಸೇರಿಸಿ ಕಟ್ಟುವ ಕುಡುಕನನ್ನು ಬರೆದದ್ದೂ ಇವನೇ, ಬೆಕ್ಕನ್ನು ಕಂಡರೆ ಪ್ರಾಣ ಬಿಡುತ್ತಿದ್ದ ಇದೇ ಮನುಷ್ಯ. ಹಾಗಾದರೆ ಕಥೆ ಹೇಗೆ ಜೀವನದ ಕನ್ನಡಿ ಆಗುತ್ತೆ? ಅಳಿಯನಿಗೆ ನಾನು ಕೇಳಿದ್ದು ಇದನ್ನೇ.

'ದಿ ಮಾಸ್ಕ್ ಆಫ್ ದಿ ರೆಡ್ ಡೆತ್' ನೋಡಿ. ವರ್ಜೀನಿಯಾಗೆ ರಕ್ತ ಬಂದ ಕೆಲವೇ ತಿಂಗಳಲ್ಲಿ, 1842ರ ಮೇನಲ್ಲಿ ಅಚ್ಚಾದ ಕಥೆ. ರಕ್ತ ಒಸರಿ ಅರ್ಧ ತಾಸಿನಲ್ಲಿ ಕೊಲ್ಲುವ ರೋಗ ದೇಶದ ಮೇಲೆ ಬಿದ್ದಿದೆ. ಪ್ರಾಸ್ಪೆರೊ ಅನ್ನುವ ರಾಜ ಸಾವಿರ ಜನ ದರಬಾರಿಗಳನ್ನು ಕರೆದುಕೊಂಡು ಕೋಟೆಯೊಳಗೆ ಸೇರಿಕೊಳ್ಳುತ್ತಾನೆ. ಕಬ್ಬಿಣದ ಬಾಗಿಲು ಹಾಕಿ, ಅಗಳಿಗಳನ್ನು ಕಾಯಿಸಿ ಬೆಸೆದುಬಿಡುತ್ತಾರೆ. ಒಳಗೆ ಊಟ, ಕುಣಿತ, ಏಳು ಬಣ್ಣದ ಏಳು ಕೋಣೆ. ಕೊನೆಯದು ಕಪ್ಪು ಕೋಣೆ, ಅದರ ಕಿಟಕಿಯ ಗಾಜು ಮಾತ್ರ ಕಡುಗೆಂಪು. ಅಲ್ಲೊಂದು ಗಡಿಯಾರ ತಾಸಿಗೊಮ್ಮೆ ಹೊಡೆಯುತ್ತೆ, ಆಗೆಲ್ಲ ವಾದ್ಯದವರು ಕೈ ನಿಲ್ಲಿಸುತ್ತಾರೆ, ಕುಣಿಯುವವರು ನಿಲ್ಲುತ್ತಾರೆ, ಸದ್ದು ಮುಗಿದ ಮೇಲೆ ನಕ್ಕು ಮತ್ತೆ ಶುರು ಮಾಡುತ್ತಾರೆ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾಗಿದ್ದು ನಮ್ಮ ಕಲಬುರಗಿಯಲ್ಲೇ. ಇಡೀ ದೇಶ ಟಿವಿಯಲ್ಲಿ ನಮ್ಮ ಊರಿನ ಹೆಸರು ಕೇಳುತ್ತಿದ್ದಾಗ ನಾವು ಗೇಟಿಗೆ ಬೀಗ ಹಾಕಿ ಒಳಗಿದ್ದೆವು. ಆ ದಿನಗಳಲ್ಲಿ ಈ ಕಥೆ ಮತ್ತೆ ಓದಿದೆ. ಮೊದಲೆಲ್ಲ ಆ ಬಣ್ಣದ ಕೋಣೆಗಳೇ ದೊಡ್ಡದಾಗಿ ಕಾಣುತ್ತಿದ್ದವು. ಆಗ ಕಂಡದ್ದು ಬಾಗಿಲು. ಹೊರಗಿನವರ ಪಾಡು ಹೊರಗಿನವರೇ ನೋಡಿಕೊಳ್ಳಲಿ ಅಂತ ಒಳಗಿನವರು ಅಂದುಕೊಂಡದ್ದನ್ನು ಪೋ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಕೆಲಸ ಹೋಗಿ, ಮುಂಬೈ, ಪುಣೆಯಿಂದ ನಮ್ಮ ಹಳ್ಳಿಗಳಿಗೆ ಹೆಂಡತಿ ಮಕ್ಕಳ ಸಮೇತ ವಾಪಸ್ ಬಂದ ಜನರನ್ನು ಆ ಬೇಸಿಗೆಯಲ್ಲಿ ನೋಡಿದವರಿಗೆ ಆ ಸಾಲು ಚುಚ್ಚದೆ ಇರಲ್ಲ.

'ದಿ ಫಾಲ್ ಆಫ್ ದಿ ಹೌಸ್ ಆಫ್ ಅಶರ್' ಬಗ್ಗೆ ಹೇಳಬೇಕಾದರೆ ನಾನು ಬೀದರ್‌ಗೆ ಹೋಗಬೇಕು. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳಿವೆ, ಸಾಲಾಗಿ. ಅವುಗಳಲ್ಲಿ ಒಂದು ಹುಮಾಯೂನ್ ಶಾಹನದು. 1458ರಿಂದ 1461ರವರೆಗೆ ಆಳಿದವನು, ಕ್ರೂರಿ ಅಂತಲೇ ಹೆಸರಾದವನು. ಅವನ ಗುಮ್ಮಟಕ್ಕೆ ಸಿಡಿಲು ಬಡಿದು ಅರ್ಧ ಕಳಚಿ ಬಿದ್ದಿದೆ. ಉಳಿದರ್ಧ ಇನ್ನೂ ನಿಂತಿದೆ. ಪಕ್ಕದಲ್ಲಿ ನಿಂತು ತಲೆ ಎತ್ತಿದರೆ ಗುಮ್ಮಟದ ಗೋಡೆ ಎಷ್ಟು ದಪ್ಪ, ಒಳಗೆ ಇಟ್ಟಿಗೆ ಹೇಗೆ ಜೋಡಿಸಿದ್ದಾರೆ ಎಲ್ಲ ಕಾಣುತ್ತೆ. ದೇವರೇ ಕೊಟ್ಟ ಶಿಕ್ಷೆ ಅಂತ ಅಲ್ಲಿಯ ಜನ ಹೇಳುತ್ತಾರೆ.

ಅಶರ್ ಕಥೆಯ ಮನೆಗೂ ಒಂದು ಬಿರುಕು ಇದೆ. ಕಥೆ ಹೇಳುವವನು ಬಾಲ್ಯದ ಗೆಳೆಯ ರೋಡೆರಿಕ್ ಅಶರ್‌ನ ಕಾಗದ ಬಂತು ಅಂತ ಕುದುರೆ ಏರಿ ಬರುತ್ತಾನೆ. ದೂರದಿಂದ ಮನೆ ನೋಡುತ್ತಾನೆ. ಚಾವಣಿಯಿಂದ ಶುರುವಾಗಿ, ಗೋಡೆಯ ಮೇಲೆ ಅಂಕುಡೊಂಕಾಗಿ ಇಳಿದು, ಮುಂದಿನ ಕೆರೆಯ ಕಪ್ಪು ನೀರಿನಲ್ಲಿ ಕಳೆದುಹೋಗುವ ಒಂದು ಸಣ್ಣ ಬಿರುಕು. ಕಣ್ಣಿಟ್ಟು ನೋಡಿದರಷ್ಟೇ ಕಾಣುತ್ತೆ. ಆಮೇಲೆ ಪೋ ಅದರ ಸುದ್ದಿಯನ್ನೇ ಎತ್ತುವುದಿಲ್ಲ! ರೋಡೆರಿಕ್‌ನ ರೋಗ, ಅವನ ಅವಳಿ ತಂಗಿ ಮ್ಯಾಡೆಲೀನ್, ಅವಳು ಸತ್ತಳು ಅಂತ ನೆಲಮಾಳಿಗೆಯಲ್ಲಿ ಪೆಟ್ಟಿಗೆಯೊಳಗಿಟ್ಟು ಮೊಳೆ ಬಿಗಿದದ್ದು, ಬಿರುಗಾಳಿಯ ರಾತ್ರಿ, ಕೆಳಗಿನಿಂದ ಬರುವ ಸದ್ದುಗಳು, ಅವಳನ್ನು ಜೀವಂತ ಹೂತೆವು ಅಂತ ಅವನು ಒಪ್ಪಿಕೊಳ್ಳುವುದು, ಬಾಗಿಲಲ್ಲಿ ರಕ್ತದ ಕಲೆಯ ಬಟ್ಟೆಯಲ್ಲಿ ಅವಳು ನಿಂತಿರುವುದು, ಇಷ್ಟೆಲ್ಲ ಆದ ಮೇಲೆ, ಕಟ್ಟಕಡೆಯ ಪ್ಯಾರಾದಲ್ಲಿ ಆ ಬಿರುಕು ವಾಪಸ್ ಬರುತ್ತೆ, ಅಗಲವಾಗುತ್ತೆ, ಅದರೊಳಗಿಂದ ರಕ್ತದ ಬಣ್ಣದ ಹುಣ್ಣಿಮೆ ಚಂದ್ರ ಕಾಣುತ್ತಾನೆ, ಮನೆ ಎರಡಾಗಿ ಕೆರೆಗೆ ಬೀಳುತ್ತೆ. ಇಡೀ ಕಥೆಯ ಉದ್ದಕ್ಕೂ ಓದುಗನಿಗೆ ನೆನಪಿಲ್ಲದ ಹಾಗೆ ಒಂದು ಬಿರುಕನ್ನು ಕಾದಿಡಬೇಕಾದರೆ ಬರೆಯುವವನ ತಲೆ ಎಷ್ಟು ನೆಟ್ಟಗಿರಬೇಕು ಹೇಳಿ. ಹುಚ್ಚನ ಕೈಗೆ ಆಗುವ ಕೆಲಸವಾ ಅದು?

ನೆಟ್ಟಗಿನ ತಲೆಯೇ ಅದು. ಅದೇ 1842ರಲ್ಲಿ ನಥಾನಿಯಲ್ ಹಾಥಾರ್ನ್ ಕಥೆಗಳ ಬಗ್ಗೆ ಬರೆಯುತ್ತಾ, ಸಣ್ಣ ಕಥೆ ಅಂದರೆ ಕೂತಲ್ಲೇ ಓದಿ ಮುಗಿಸುವಂತಿರಬೇಕು, ಓದುಗನ ಮೇಲೆ ಯಾವ ಒಂದು ಪರಿಣಾಮ ಆಗಬೇಕು ಅಂತ ಮೊದಲೇ ತೀರ್ಮಾನಿಸಿ ಮೊದಲ ವಾಕ್ಯದಿಂದಲೇ ಅದಕ್ಕೆ ದುಡಿಯಬೇಕು ಅಂತ ಪೋ ಹೇಳಿದ್ದ. ಸಣ್ಣ ಕಥೆಗೆ ಇಷ್ಟು ಬಿಗಿಯಾದ ಲೆಕ್ಕಾಚಾರ ಹಾಕಿದವರು ಅವನಿಗಿಂತ ಮುಂಚೆ ಕಡಿಮೆ. ಹೆಂಡತಿ ರಕ್ತ ಕಾರುತ್ತಿದ್ದ ವರ್ಷದಲ್ಲಿ ಕೂತು ಬರೆದದ್ದು ಇದು.

ಅವನ ಸಾವಿನ ಬಗ್ಗೆ ಜನ ಬಹಳ ಬರೆದಿದ್ದಾರೆ, ನಾನು ಚಿಕ್ಕದಾಗಿ ಹೇಳುತ್ತೇನೆ. 1849ರ ಸೆಪ್ಟೆಂಬರ್ ಕೊನೆಗೆ ರಿಚ್ಮಂಡ್ ಬಿಟ್ಟು ಹೊರಟ. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಕುಡಿತ ಬಿಡಿಸುವ ಸಂಘವೊಂದಕ್ಕೆ ಸೇರಿದ್ದ, ಹರೆಯದಲ್ಲಿ ಪ್ರೀತಿಸಿದ್ದವಳನ್ನು ಈಗ ಮದುವೆಯಾಗುವ ಮಾತೂ ನಡೆದಿತ್ತು. ಅಕ್ಟೋಬರ್ 3ಕ್ಕೆ, ಚುನಾವಣೆ ದಿನ, ಬಾಲ್ಟಿಮೋರ್ ಊರಿನ ಒಂದು ಹೋಟೆಲಿನಲ್ಲಿ ಪ್ರಜ್ಞೆ ತಪ್ಪುವ ಸ್ಥಿತಿಯಲ್ಲಿ ಸಿಕ್ಕ. ಮೈಮೇಲೆ ಯಾರದ್ದೋ ಬಟ್ಟೆ. ಅಕ್ಟೋಬರ್ 7ಕ್ಕೆ ಆಸ್ಪತ್ರೆಯಲ್ಲಿ ಸತ್ತ, 40 ವರ್ಷಕ್ಕೆ. ಕಳ್ಳ ವೋಟು ಹಾಕಿಸುವ ಗುಂಪಿನವರು ಹಿಡಿದು, ಕುಡಿಸಿ, ಬಟ್ಟೆ ಬದಲಿಸಿ ಬೂತಿನಿಂದ ಬೂತಿಗೆ ಓಡಾಡಿಸಿರಬೇಕು ಅಂತ ಕೆಲವರ ಊಹೆ. ನಾಯಿ ಕಡಿತದ ಹುಚ್ಚು ಅಂತ ಕೆಲವರು. ಯಾವುದೂ ಇತ್ಯರ್ಥವಾಗಿಲ್ಲ.

ನನಗೆ ಸಾವಿಗಿಂತ ಮುಖ್ಯ ಅನ್ನಿಸುವುದು ಅದರ ಎರಡನೇ ದಿನ ಆದದ್ದು. ನ್ಯೂಯಾರ್ಕ್ ಟ್ರಿಬ್ಯೂನ್‌ನಲ್ಲಿ 'ಲುಡ್ವಿಗ್' ಅನ್ನುವ ಹೆಸರಲ್ಲಿ ಒಂದು ಶ್ರದ್ಧಾಂಜಲಿ ಬಂತು. ಪೋ ಸತ್ತ, ಸುದ್ದಿ ಕೇಳಿ ಬಹಳ ಜನ ಬೆಚ್ಚಬಹುದು, ದುಃಖಪಡುವವರು ಕಡಿಮೆ ಅಂತ ಅದರ ಮಾತು. ಬರೆದವನು ರೂಫಸ್ ಗ್ರಿಸ್ವಾಲ್ಡ್. ಅವನು ಸಂಪಾದಿಸಿದ್ದ ಕವನ ಸಂಕಲನವನ್ನು ಪೋ ಕಟುವಾಗಿ ಟೀಕಿಸಿದ್ದ, ಆ ಗಾಯ ಅವನು ಮರೆತಿರಲಿಲ್ಲ. ದುರಂತ ಏನಪ್ಪಾ ಅಂದ್ರೆ, ಪೋನ ಸಮಗ್ರ ಬರಹ ತರುವ ಕೆಲಸವೂ ಇವನ ಕೈಗೇ ಬಂತು. ಅದರ ಜೊತೆ ಜೀವನ ಚರಿತ್ರೆ ಬರೆದ, ಅದರಲ್ಲಿ ಪೋ ಕುಡುಕ, ನೀಚ, ಹುಚ್ಚ. ಪುರಾವೆಗೆ ಪೋನ ಪತ್ರಗಳನ್ನೇ ತಿದ್ದಿದ, ಇಲ್ಲದ ಸಾಲು ಸೇರಿಸಿದ. ಆ ತಿದ್ದುಪಡಿಗಳನ್ನು ಆರ್ಥರ್ ಹಾಬ್ಸನ್ ಕ್ವಿನ್ ಅನ್ನುವ ವಿದ್ವಾಂಸ ಮೂಲ ಪತ್ರಗಳ ಪಕ್ಕದಲ್ಲಿಟ್ಟು ತೋರಿಸಿದ್ದು 1941ರಲ್ಲಿ. ಅಷ್ಟೊತ್ತಿಗೆ ಸುಳ್ಳು ಊರೂರು ಸುತ್ತಿ ಆಗಿತ್ತು. ಕಲಬುರಗಿಯ ಜೆರಾಕ್ಸ್ ಅಂಗಡಿವರೆಗೂ ಬಂದಿದೆ ಅಂದರೆ ನೋಡಿ.

ಓದದೇ ಇದ್ದವರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ ನಾನು ಹೇಳುವುದು 'ದಿ ಕಾಸ್ಕ್ ಆಫ್ ಅಮಾಂಟಿಲಾಡೊ'. 1846ರ ನವೆಂಬರ್‌ನಲ್ಲಿ ಅಚ್ಚಾದದ್ದು. ಮಾಂಟ್ರೆಸರ್ ಅನ್ನುವವನು ಫಾರ್ಚುನಾಟೊ ಅನ್ನುವ ಗೆಳೆಯನನ್ನು ಒಳ್ಳೇ ದ್ರಾಕ್ಷಾರಸ ರುಚಿ ನೋಡು ಬಾ ಅಂತ ನೆಲಮಾಳಿಗೆಗೆ ಕರೆದುಕೊಂಡು ಹೋಗಿ, ಗೋಡೆಗೆ ಸರಪಳಿಯಿಂದ ಕಟ್ಟಿ, ಒಂದೊಂದೇ ವರಸೆ ಕಲ್ಲು ಕಟ್ಟಿ ಮುಚ್ಚುತ್ತಾನೆ. ಏನೋ ಅವಮಾನ ಮಾಡಿದ್ದನಂತೆ, ಏನು ಅಂತ ಹೇಳುವುದಿಲ್ಲ. ದಾರಿಯಲ್ಲಿ ತೇವಕ್ಕೆ ಫಾರ್ಚುನಾಟೊಗೆ ಕೆಮ್ಮು ಬರುತ್ತೆ, ಬಿಡದೆ ಬರುತ್ತೆ, ಪೋ ಆ ಕೆಮ್ಮನ್ನು ಸಾಲುಗಟ್ಟಲೆ ಹಾಗೇ ಬರೆದಿದ್ದಾನೆ. ವಾಪಸ್ ಹೋಗೋಣ ಬಾ, ನಿನ್ನ ಆರೋಗ್ಯ ಮುಖ್ಯ ಅನ್ನುತ್ತಾನೆ ಮಾಂಟ್ರೆಸರ್. ಏ ಬಿಡು, ಕೆಮ್ಮಿನಿಂದ ನಾನೇನೂ ಸಾಯಲ್ಲ ಅನ್ನುತ್ತಾನೆ ಇವನು. ನಿಜ, ನಿಜ ಅನ್ನುತ್ತಾನೆ ಅವನು. ಈ ಮಾತು ಬರೆದವನ ಮನೆಯಲ್ಲಿ ಆಗ ಹಗಲೂ ರಾತ್ರಿ ಕೆಮ್ಮು ಕೇಳುತ್ತಿತ್ತು. ಆ ಕೆಮ್ಮನ್ನು ಅವನು ಗೋಳಾಗಿ ಬರೆಯಲಿಲ್ಲ. ಕೊಲೆಗಾರನ ಉಪಚಾರದ ಮಾತಿಗೆ ಜೋಡಿಸಿ, ಎಲ್ಲಿ ಇಟ್ಟರೆ ಜಾಸ್ತಿ ಹೊಡೆಯುತ್ತೋ ಅಲ್ಲಿ ಇಟ್ಟ.

ಕಥೆಯ ಕೊನೆಗೆ, ಗೋಡೆಯ ಒಳಗಿಂದ ಗಂಟೆ ಕಟ್ಟಿದ ಟೋಪಿಯ ಸದ್ದು ಬಿಟ್ಟು ಬೇರೇನೂ ಕೇಳಿಸದೆ ಹೋದಾಗ, ಮಾಂಟ್ರೆಸರ್ ಎದೆ ಕುಸಿಯುತ್ತೆ. ತೇವಕ್ಕೆ ಹಾಗಾಯಿತು ಅನ್ನುತ್ತಾನೆ. 50 ವರ್ಷ ಆದ ಮೇಲೆ ಯಾರಿಗೋ ಕೂತು ಇದನ್ನು ಹೇಳುತ್ತಿದ್ದಾನೆ. ಬೀದರ್‌ನ ಗೆಳೆಯರೊಬ್ಬರು ಅವನಿಗೆ ಪಶ್ಚಾತ್ತಾಪ ಇಲ್ಲ, ಹೆಮ್ಮೆಯಿಂದಲೇ ಹೇಳುತ್ತಿದ್ದಾನೆ ಅಂತ ವಾದ ಮಾಡುತ್ತಾರೆ. ನಾನು ಒಪ್ಪಲ್ಲ. ಹೆಮ್ಮೆ ಪಡುವವನು ತೇವದ ನೆಪ ಯಾಕೆ ಹೇಳಬೇಕು? ನೀವೂ ಓದಿ, ಯಾರ ಕಡೆ ಇದ್ದೀರಿ ಕಾಮೆಂಟಿನಲ್ಲಿ ಹೇಳಿ.